ಪುಟ್ಟಮ್ಮನ ಬಾವಿ, ಶಾರದಮ್ಮನ ಮಡಿ

ಚೀನಾ ಯುದ್ಧ ಮುಗಿದ ಮರುವರ್ಷದ ಬೇಸಿಗೆ. ಜಯನಗರದ ಅಂಚಿನ ನಮ್ಮ ಮನೆಯ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದೆ. ಹಿಟ್ಟಿನ ಪಾತ್ರೆ ಅರ್ಧ ಖಾಲಿಯಾಗಿತ್ತು. ಅಷ್ಟರಲ್ಲಿ ಕೆಳಗಿನಿಂದ ಪುಟ್ಟಮ್ಮನ ಕೂಗು ಕೇಳಿಸಿತು.

"ಅಮ್ಮಾವ್ರೇ, ವಸಿ ಇಳಿದು ಬನ್ನಿ. ಆ ಹೊಸಾ ಮನೆಯೋರು ನಮ್ ಬಾವಿ ಮಗ್ಗುಲಾಗೇ ಕಕ್ಕಸು ಗುಂಡಿ ತೋಡಿಸ್ತಾವ್ರೆ!"

ಪುಟ್ಟಮ್ಮ ಅಲ್ಲಿನ ಹಳೇ ಊರಿನವಳು. ಅವರ ರಾಗಿ ಹೊಲವೆಲ್ಲ ಬಡಾವಣೆಗೆ ಹೋಗಿ, ಉಳಿದದ್ದು ಒಂದು ಹೆಂಚಿನ ಮನೆ, ಪಕ್ಕದಲ್ಲೊಂದು ಸೇದುವ ಬಾವಿ. ಆಗ ಅವಳ ಮಗಳು ಬಾಣಂತಿ. ಕೂಸಿಗೆ ಎರೆಯುವುದಕ್ಕೂ, ತಾಯಿ ಕುಡಿಯುವುದಕ್ಕೂ ಆ ಬಾವಿಯ ನೀರೇ. ನಮ್ಮ ಕಡೆಗೆ ಚರಂಡಿ ಪೈಪು ಇನ್ನೂ ಬಂದಿರಲಿಲ್ಲ. ಮನೆ ಕಟ್ಟಿಸುವವರೆಲ್ಲ ತಮ್ಮ ತಮ್ಮ ಸೈಟಿನಲ್ಲೇ ಗುಂಡಿ ತೋಡಿಸಿ, ಕಕ್ಕಸಿನ ನೀರನ್ನು ಅದರಲ್ಲಿ ಇಂಗಿಸುತ್ತಿದ್ದರು. ಇಂಗಿದ ನೀರು ಮಣ್ಣಿನೊಳಗೆ ಎತ್ತ ಹೋಗುತ್ತದೆ ಅಂತ ಕೇಳುವವರು ಕಡಿಮೆ.

ಈ ಗುಂಡಿ ತೋಡಿಸುತ್ತಿದ್ದವರು ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ ಶಾರದಮ್ಮ. ಅವರು ನನ್ನ ಯೋಗದ ಕ್ಲಾಸಿಗೆ ಬರುತ್ತಿದ್ದರು. ಅದಕ್ಕೇ ಪುಟ್ಟಮ್ಮ ನೇರ ನನ್ನ ಹತ್ತಿರ ಬಂದದ್ದು.

ಕ್ಲಾಸು ಅಂದರೆ ಬೋರ್ಡು ಹಾಕಿದ ಕ್ಲಾಸಲ್ಲ. ಚಿಕ್ಕಂದಿನಲ್ಲಿ ಸೋದರಮಾವ ಕಲಿಸಿದ್ದನ್ನು ನೆರೆಹೊರೆಯ ಹೆಂಗಸರಿಗೆ ಹೇಳಿಕೊಡುತ್ತಿದ್ದೆ. ಮಧ್ಯಾಹ್ನದ ಊಟ ಅರಗಿದ ಮೇಲೆ, ಗಂಡಸರು ಆಫೀಸಿನಿಂದ ಬರುವುದರೊಳಗೆ, ನಮ್ಮ ನಡುಮನೆಯ ಜಮಖಾನದ ಮೇಲೆ ಆರೇಳು ಜನ ಸೀರೆಯನ್ನು ಕಚ್ಚೆ ಹಾಕಿಕೊಂಡು ಕೂರುತ್ತಿದ್ದೆವು. ಆಸನಕ್ಕೆ ಮುಂಚೆ ಯಮ ನಿಯಮಗಳನ್ನು ಸಾಲಾಗಿ ಹೇಳಬೇಕು. ಯಮ ಅಂದರೆ ಹೊರಗಿನವರ ಜೊತೆ ನಾವು ನಡೆದುಕೊಳ್ಳುವ ರೀತಿ, ನಿಯಮ ಅಂದರೆ ನಮ್ಮನ್ನು ನಾವು ಇಟ್ಟುಕೊಳ್ಳುವ ರೀತಿ. ಅಸ್ತೇಯ ಅಂದರೆ ಕದಿಯದಿರುವುದು. ಬೆಳಿಗ್ಗೆ ಪೂಜೆಗೆ ಪಕ್ಕದ ಮನೆ ಬೇಲಿಯ ದಾಸವಾಳ ಕೇಳದೆ ಕೀಳೋದೂ ಅದರಲ್ಲಿ ಬರುತ್ತೆ ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅಪರಿಗ್ರಹ ಅಂದರೆ ಎರಡು ಕೊಡ ಸಾಕಾದಾಗ ಮೂರನೆಯದನ್ನು ಸೇದದಿರುವುದು. ಶೌಚ ಅಂದಾಗಲಂತೂ ಕಿಸಕ್ಕನೆ ನಗು. ಶಾರದಮ್ಮ ಮಾತ್ರ ನಗುತ್ತಿರಲಿಲ್ಲ. ಶೌಚ ಅವರಿಗೆ ಉಸಿರಿನಂತೆ. ಮಡಿಯಲ್ಲಿ ನಮ್ಮ ಬೀದಿಗೇ ಅವರನ್ನು ಮೀರಿಸುವವರಿರಲಿಲ್ಲ.

ನಾನು ಹೋದಾಗ ಅವರು ಕೊಡೆ ಹಿಡಿದು ಅಗೆತ ನೋಡುತ್ತ ನಿಂತಿದ್ದರು.

"ಬಾವಿಗೆ ಮೂರು ಮಾರು ಕೂಡ ಇಲ್ವಲ್ಲ ಶಾರದಮ್ಮ. ಮುಂದಿನ ಮೂಲೇಲಿ ತೋಡಿಸಬಾರದಾ?"

"ಅಲ್ಲಿ ದೇವರ ಮನೆ ಬರುತ್ತೆ ರೀ. ದೇವರ ಗೋಡೆಗೆ ಕಕ್ಕಸು ಗುಂಡಿ ಒರಗಿಸಲಾ? ನಮ್ಮತ್ತೆ ಆ ಮನೇಲಿ ತೊಟ್ಟು ನೀರು ಮುಟ್ಟೋಲ್ಲ."

"ಪುಟ್ಟಮ್ಮನ ಮಗಳು ಇಲ್ಲಿ ಕುಡೀಬೇಕಲ್ಲ."

"ಬೀದಿ ನಲ್ಲಿ ಇಲ್ವೇ?"

ಹಿಂದಿದ್ದ ಪುಟ್ಟಮ್ಮ ಬಿಡಲಿಲ್ಲ. "ನಲ್ಲೀಲಿ ನೀರು ಬರಾದು ಮೈಮೇಲೆ ದೇವರು ಬಂದಂಗೆ ಕಣವ್ವ. ಯಾವಾಗ ಬತ್ತದೋ, ಯಾವಾಗ ಹೋಯ್ತದೋ!"

ಕೂಲಿಯವರು ನಕ್ಕರು. ಶಾರದಮ್ಮ ನನ್ನ ಕಡೆ ತಿರುಗಿದರು. "ನಮ್ಮ ಸೈಟು, ನಮ್ಮ ಗುಂಡಿ. ಮನೆ ಶುದ್ಧವಾಗಿರಬೇಕು ಅಂತ ನೀವೇ ತಾನೇ ಹೇಳಿಕೊಡೋದು, ಶೌಚ ಅಂತ?"

ಮನೆಗೆ ಬಂದು ಉಳಿದ ಸಂಡಿಗೆ ಇಟ್ಟೆ. ಹಿಟ್ಟು ಹುಳಿಯಾಗಿರಲಿಲ್ಲ, ಅದೊಂದು ಪುಣ್ಯ.

ಅವತ್ತು ಕ್ಲಾಸಿಗೆ ಶಾರದಮ್ಮ ಬಂದರು. ಸಿಟ್ಟು ಮಾಡಿಕೊಂಡು ಬರದೆ ಇರಬಹುದಿತ್ತು, ಬಂದರು. ಯಮ ನಿಯಮಗಳನ್ನು ಅವರೊಬ್ಬರೇ ಹೇಳಲಿ ಅಂದೆ. ಅವರ ಉಚ್ಚಾರ ಸ್ಪಷ್ಟ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ, ಶೌಚ...

"ಅಲ್ಲೇ ನಿಲ್ಲಿಸಿ. ಶೌಚಕ್ಕೆ ಬರೋ ಮುಂಚೆ ಎಷ್ಟು ದಾಟಿದ್ರಿ?"

"ಐದು."

"ಮೊದಲನೇದು ಯಾವುದು?"

ಅವರು ಜಮಖಾನದ ಅಂಚನ್ನು ಸರಿಮಾಡತೊಡಗಿದರು. ಗೊತ್ತಿಲ್ಲದೆ ಅಲ್ಲ.

"ಅಹಿಂಸೆ ಬಿಟ್ಟು ಶೌಚಕ್ಕೆ ಬರೋಕೆ ಬೇರೆ ದಾರಿ ಇಲ್ಲ ಶಾರದಮ್ಮ. ನಮ್ಮ ಮನೆ ಕೊಳೆ ಇನ್ನೊಬ್ಬರ ಕೊಡಕ್ಕೆ ಇಳಿದರೆ ಅದು ಮಡಿ ಅಲ್ಲ, ಮೈಲಿಗೇನ ಪಕ್ಕದ ಮನೆಗೆ ದಾಟಿಸಿದ್ದು."

ಶಾರದಮ್ಮ ಎದ್ದು, ಒಳಗೆ ಹೋಗಿ ಕಚ್ಚೆ ಬಿಚ್ಚಿ ನೆರಿಗೆ ಸರಿಮಾಡಿಕೊಂಡು ಹೊರಟುಹೋದರು.

ಮಾರನೆಯ ದಿನದಿಂದ ಅಗೆತ ನಿಂತಿತು. ಆಮೇಲೆ ಕೆಲವು ದಿನ ಅಲ್ಲಿ ಯಾರ ಸುಳಿವೂ ಇರಲಿಲ್ಲ. ನಾನು ದೇವರ ಮುಂದೆ ದೀಪ ಹಚ್ಚುವಾಗಲೆಲ್ಲ ಆ ಬಾವಿಯನ್ನೇ ನೆನೆಯುತ್ತಿದ್ದೆ. ಒಂದು ಬೆಳಿಗ್ಗೆ ಪುಟ್ಟಮ್ಮ ದಂಟಿನ ಸೊಪ್ಪು ತಂದುಕೊಟ್ಟು ಹೇಳಿದಳು: "ಗುಂಡಿ ಮುಚ್ಚುಸ್ಬುಟ್ರು ಅಮ್ಮಾವ್ರೇ. ಮುಂದುಗಡೆ ತೋಡ್ತಾವ್ರೆ. ದೇವರ ಕೋಣೆ ಗೋಡೆ ಸೊಂಟದ ಮಟ್ಟ ಎದ್ದಿತ್ತಲ್ಲ, ಅದ್ನೂ ಕೆಡವುಸುದ್ರು."

ದೇವರಿಗೆ ಅಡುಗೆಮನೆಯ ಪಕ್ಕದ ಗೂಡೊಂದು ಸಿಕ್ಕಿತು. ಶಾರದಮ್ಮನ ಅತ್ತೆ ಮಾತ್ರ ಅದನ್ನು ಒಪ್ಪಲಿಲ್ಲ. ದೇವರಿಗೇ ಕೋಣೆ ಇಲ್ಲದ ಮನೆಗೆ ಕಾಲಿಡೋಲ್ಲ ಅಂತ ಹೇಳಿ, ಬಸವನಗುಡಿಯಲ್ಲಿದ್ದ ಕಿರಿಯ ಮಗನ ಮನೆಗೆ ಹೊರಟುಹೋದರಂತೆ.

ಶಾರದಮ್ಮ ಮತ್ತೆ ಕ್ಲಾಸಿಗೆ ಬರಲಿಲ್ಲ. ಗೃಹಪ್ರವೇಶಕ್ಕೆ ಮಾತ್ರ ಕರೆದರು. ಅರಿಶಿನ ಕುಂಕುಮ ಕೊಡುವಾಗ ತಗ್ಗಿದ ದನಿಯಲ್ಲಿ ಅಂದರು, "ನಮ್ಮತ್ತೆ ಬರಲಿಲ್ಲ, ನೋಡಿದ್ರಲ್ಲ." ನಾನು ತಾಂಬೂಲವನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಬೇಲಿಯಾಚೆ ಪುಟ್ಟಮ್ಮ ಕೂಸಿಗೆ ಎರೆಯುತ್ತಿದ್ದಳು. ಅದರ ಅಳು ಮಂತ್ರಕ್ಕಿಂತ ಜೋರಾಗಿ ಕೇಳುತ್ತಿತ್ತು. ನೀರು ಕೆಡಲಿಲ್ಲ, ಕೂಸು ಗಟ್ಟಿಯಾಗಿತ್ತು. ದೇವರು ದೊಡ್ಡವನು.

ಆಮೇಲೂ ಬಹಳ ವರ್ಷ ಹೇಳಿಕೊಟ್ಟೆ. ಬೆನ್ನು ಬಗ್ಗಿಸುವುದು ಅಭ್ಯಾಸದಿಂದ ಯಾರಿಗಾದರೂ ಬರುತ್ತದೆ. ಕಾಂಪೌಂಡು ಗೋಡೆ ನೆಲದ ಮೇಲೆ ಮಾತ್ರ, ಕೆಳಗೆ ನೀರೆಲ್ಲ ಒಂದೇ ಅನ್ನುವುದು ಮನಸ್ಸಿಗೆ ಹೋಗುವುದು ಕಷ್ಟ. ಯೋಗ ಹೇಳಿಕೊಡುವವರು ಅದನ್ನೂ ಹೇಳಲೇಬೇಕು. ಆದರೆ ಹೇಳುವುದು ಸುಲಭ. ನಾನು ಬಾಯಲ್ಲಿ ಹೇಳಿದ ಅಹಿಂಸೆಯನ್ನು ಮಾಡಿ ತೋರಿಸಿದವರು ಶಾರದಮ್ಮ. ಅದರ ಬೆಲೆ ತೆತ್ತವರೂ ಅವರೇ.

ಅವತ್ತು ಗೃಹಪ್ರವೇಶದಿಂದ ಬಂದವಳು ರೇಷ್ಮೆ ಸೀರೆ ಬಿಚ್ಚಿ ನೆರಳಿಗೆ ಹರವಿದೆ. ನೆನೆಹಾಕಿದ್ದ ಉದ್ದಿನಬೇಳೆ ಕಾಯುತ್ತಿತ್ತು. ತೊಳೆದು, ಒರಳಿಗೆ ಹಾಕಿ, ರುಬ್ಬಲು ಕೂತೆ.