ಕರಿಯನಿಗೆ ಊಟ ಹಾಕುವವರು

ಮಕ್ಕಳು ದೊಡ್ಡವರಾದ ಮೇಲೆ ಆಕೆ ಮೊದಲ ಬಾರಿಗೆ ಹೊರಗೆ ಕೆಲಸ ಹಿಡಿದಿದ್ದಳು, ಒಂದು ಹೊಲಿಗೆ ಅಂಗಡಿಯಲ್ಲಿ. ಆಕೆ ಹೊಸ್ತಿಲು ದಾಟಿದರೆ ಸಾಕು, ನಾಯಿ ಕರಿಯ ಸಂಜೆಯವರೆಗೂ ಊಳಿಡುತ್ತಿತ್ತು. ನಿವೃತ್ತನಾದ ಗಂಡ ಮನೆಯಲ್ಲೇ ಇದ್ದರೂ ಅದರ ಲೆಕ್ಕಕ್ಕೆ ಅವನಿರಲಿಲ್ಲ. ಅಕ್ಕಪಕ್ಕದವರು ಜಗಳಕ್ಕೆ ಬಂದ ಮೇಲೆ ನಾಯಿಗಳ ಟ್ರೇನರನ್ನು ಕರೆಸಿದರು.

"ಇದಕ್ಕೆ ಊಟ ಹಾಕೋದ್ಯಾರು? ವಾಕಿಂಗ್? ಸ್ನಾನ?" ಎಂದು ಟ್ರೇನರ್ ಹುಡುಗಿ ಕೇಳಿದಳು. ಎಲ್ಲದಕ್ಕೂ ಗಂಡ ಗದ್ದದಿಂದಲೇ ಹೆಂಡತಿಯನ್ನು ತೋರಿಸಿದ.

"ಹಾಗಾದ್ರೆ ಇದಕ್ಕೆ ಇರೋದು ಇವರೊಬ್ಬರೇ. ಇನ್ಮೇಲೆ ಊಟ, ವಾಕಿಂಗ್ ಎಲ್ಲಾ ನೀವು ನೋಡ್ಕೊಳ್ಳಿ ಅಂಕಲ್. ಮೆಲ್ಲಗೆ ನಿಮಗೂ ಹೊಂದ್ಕೊಳ್ಳುತ್ತೆ."

"ಅದೇನು ಮಹಾ," ಎಂದ ಗಂಡ.

ಮರುದಿನ ಬೆಳಿಗ್ಗೆ ಅವನು ಹಾಲ್‌ನಿಂದಲೇ ಕೂಗಿದ. "ಲೇ, ಅದರ ಊಟ ಕಲಸಿ ಕೊಡು. ನಾನು ಹಾಕಬೇಕಂತೆ."

"ಕಲಸೋದೂ ನೀವೇ ಅಂತ ಅಲ್ವಾ ಅವಳು ಹೇಳಿದ್ದು?"

"ಹಾಕಿ ಅಂದ್ಲು. ಕಲಸಿ ಅಂದ್ಲಾ?"

ಆಕೆ ಕಲಸಿ, ತಟ್ಟೆಗೆ ಹಾಕಿ ಕೊಟ್ಟಳು. ಅವನು ತಂದು ನೆಲಕ್ಕಿಟ್ಟ. ಕರಿಯ ತಟ್ಟೆ ಮೂಸಿ, ಅಡುಗೆಮನೆಗೆ ಹೋಗಿ ಆಕೆಯ ಕಾಲ ಬಳಿ ಮಲಗಿತು.

"ನೋಡಿದ್ಯಾ? ನನ್ನ ಕೈಯದ್ದು ತಿನ್ನಲ್ಲ. ಪಾಪ, ಮೂಕಪ್ರಾಣಿ. ಸ್ವಲ್ಪ ದಿನ ನೀನೇ ಮನೇಲಿರು."

"ವಾಕಿಂಗಾದ್ರೂ ಕರ್ಕೊಂಡು ಹೋಗ್ತೀರಾ?"

"ಎಳೆದು ಬೀಳಿಸಿದ್ರೆ? ನನ್ನ ಮಂಡಿನೋವು ನಿನಗೆ ಗೊತ್ತಿಲ್ವಾ?" ಎನ್ನುತ್ತಾ ಅವನು ಪೇಪರ್ ಬಿಡಿಸಿದ.

ಹೊಸಬರಿಗೆ ರಜೆ ಕೊಡುವ ಅಂಗಡಿಯಲ್ಲ ಅದು. ಆಕೆ ಕೈ ಒರೆಸಿಕೊಂಡು ಅಂಗಡಿಯ ಮಾಲೀಕಳಿಗೆ ಫೋನ್ ಮಾಡಿದಳು.

"ಬರೋಕಾಗಲ್ಲಕ್ಕಾ, ಬೇರೆಯವರನ್ನ ನೋಡ್ಕೊಳ್ಳಿ," ಎಂದಳು. "ಮನೇಲಿ ನಾಯಿ ನೋಡ್ಕೊಳ್ಳೋರು ಯಾರೂ ಇಲ್ಲ."