ಹಣ್ಣು ಹುಳುಗಳ ದಿನ ಖಾಲಿಯಾದ ತರಗತಿ

ನನ್ನ ಸೇವಾ ಪುಸ್ತಕದಲ್ಲಿ ದಾಖಲಾಗಿರುವ ಏಕೈಕ ಛೀಮಾರಿ, ವಿದ್ಯಾರ್ಥಿಗಳನ್ನು ನಾನು ಖಾಸಗಿ ಕೂಲಿಗೆ ಕಳುಹಿಸಿದೆನೆಂಬುದು. ಅದು ಸುಳ್ಳು. ಬರೆದವರಿಗೂ ಸುಳ್ಳೆಂದು ಗೊತ್ತಿತ್ತು.

ತೊಂಬತ್ತರ ದಶಕದ ಮಧ್ಯಭಾಗ. ರಾಮನಗರ ತಾಲ್ಲೂಕಿನಲ್ಲಿ ಕೈಲಾಂಚದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ನಾನು ಮುಖ್ಯೋಪಾಧ್ಯಾಯ. ಸಹಾಯ ಮಾಡಿದವರಿಗೆ ಅಲ್ಲಿ ನಾವು ಬಹುಮಾನ ಕೊಡುತ್ತಿರಲಿಲ್ಲ, ಹೆಸರು ಕೂಗಿ ಹೊಗಳುತ್ತಲೂ ಇರಲಿಲ್ಲ. ರೇಷ್ಮೆ ಕೆಲಸಕ್ಕೆಂದು ಮನೆಯಲ್ಲಿ ನಿಂತ ಮಗುವಿಗೆ ಪಕ್ಕದವರು ನೋಟ್ಸ್ ಬರೆದಿಡುವುದು ಯಾರೂ ಹೇಳಿಕೊಡದ ರೂಢಿ.

ಒಂಬತ್ತನೇ ತರಗತಿಯ ಶೋಭಾಳ ತಾಯಿ ಕೈ ಮುರಿದುಕೊಂಡಾಗ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಅಂದರೆ ಗೂಡು ಕಟ್ಟಲು ಸಿದ್ಧವಾಗಿದ್ದವು. ಅಂಥ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ನೂಲು ವ್ಯರ್ಥ. ಈ ಬೆಳೆ ಕೈಕೊಟ್ಟರೆ ಮಗಳನ್ನು ಶಾಲೆ ಬಿಡಿಸುವುದಾಗಿ ತಂದೆ ಹೇಳಿದ್ದರು.

ಅಂದು ಕೊನೆಯ ಪೀರಿಯಡ್ ಆಟದ್ದು. ವರ್ಷವಿಡೀ ಒಮ್ಮೆಯೂ ಕೈಯೆತ್ತಿ ಉತ್ತರಿಸದ ರೂಪಾ ಚೀಲ ಎತ್ತಿಕೊಂಡಳು.

“ಎಲ್ಲಿಗಮ್ಮಿ?” ಎಂದ ಲೀಡರ್ ಮಂಜುನಾಥ. ಪರೋಪಕಾರದ ಮೇಲೆ ಭಾಷಣ ಮಾಡಿ ಬಹುಮಾನ ಗೆದ್ದವನು.

“ಶೋಭಾರ ಮನ್ಗೆ. ಉಳ ಅಣ್ಣಾಗವೆ. ನೀನ್ ಇಲ್ಲೇ ಭಾಸ್ಣ ಮಾಡ್ಕಂಡಿರು.”

ತರಗತಿ ನಕ್ಕಿತು. ಹನ್ನೊಂದು ಮಕ್ಕಳು ಹೊರಟರು; ಹನ್ನೊಂದನೆಯವನು ಮಂಜುನಾಥ. ಜಗುಲಿಯಲ್ಲಿ ನಿಂತಿದ್ದ ನಾನು ಕಳುಹಿಸಲಿಲ್ಲ, ತಡೆಯಲೂ ಇಲ್ಲ.

ಅರ್ಧ ಗಂಟೆಯಲ್ಲಿ ಶಾಲಾ ತಪಾಸಣೆಗೆಂದು ಶಿಕ್ಷಣ ಇಲಾಖೆಯ ಅಧಿಕಾರಿ ಬಂದು ಖಾಲಿ ಬೆಂಚುಗಳನ್ನು ಕಂಡರು. “ಏನ್ರೀ ಮೇಷ್ಟ್ರೇ, ಇದು ಸ್ಕೂಲೋ, ಹುಳುಮನೆಯೋ?”

ಶೋಭಾಳ ತಂದೆ ಮರುದಿನ ಅವರ ಕಚೇರಿಗೇ ಹೋಗಿ ನಿಂತರು. “ಸ್ವಾಮಿ, ಯಾರೂ ಕರೀನಿಲ್ಲ. ಐಕ್ಳು ಅವೇ ಬಂದ್ವು. ಒಂದ್ ಲೋಟ ಕಾಪೀನೂ ಕುಡೀನಿಲ್ಲ.” ಈ ಹೇಳಿಕೆಯನ್ನು ಅಧಿಕಾರಿ ಬರೆದುಕೊಳ್ಳಲಿಲ್ಲ.

ಬೆಳೆ ಉಳಿಯಿತು, ಶೋಭಾಳ ಓದೂ ಉಳಿಯಿತು. ಆದರೆ ಛೀಮಾರಿಯ ಜೊತೆಗೆ ಆದೇಶವೊಂದು ಬಂತು: ಇನ್ನು ಮುಂದೆ ವಿದ್ಯಾರ್ಥಿಗಳು ಯಾರಿಗೇ ನೆರವಾಗಬೇಕಿದ್ದರೂ ಲಿಖಿತ ಅನುಮತಿ ಪಡೆಯಬೇಕು.

ಮುಂದಿನ ವರ್ಷ, ಜ್ವರದಿಂದ ಮಲಗಿದ್ದ ಗೆಳತಿಗೆ ನೋಟ್ಸ್ ಕೊಡಲು ರೂಪಾ ನನ್ನ ಮೇಜಿನ ಮುಂದೆ ಹಾಳೆ ಹಿಡಿದು ನಿಂತಳು. “ಸಾ, ಸೈನ್ ಆಕ್ಕೊಡಿ. ಇಲ್ದಿದ್ರೆ ನಾನ್ ಓಗಕಿಲ್ಲ.” ಸಹಿ ಹಾಕಿದೆ. ಅವಳ ಹಿಂದೆ ಯಾರೂ ಹೊರಡಲಿಲ್ಲ.

ರೂಪಾಳ ಸ್ವಭಾವ ಬದಲಾಗಿರಲಿಲ್ಲ, ಬದಲಾದದ್ದು ಶಾಲೆ. ಮೊದಲ ಹೆಜ್ಜೆ ಮಗುವಿನ ಗುಣದಿಂದ ಬರುತ್ತದೆ, ಉಳಿದ ಹತ್ತು ಜನರನ್ನು ಎಬ್ಬಿಸುವುದು ಶಾಲೆಯ ವಾತಾವರಣ ಎಂಬುದನ್ನು ವೃತ್ತಿ ನನಗೆ ಕಲಿಸಿತು. ಈಗಲೂ ಮನಸ್ಸು ಬೇಡುವುದು ಆ ಮಧ್ಯಾಹ್ನವನ್ನೇ: ಮಣ್ಣುದಾರಿಯಲ್ಲಿ ಸಾಗಿದ ಮಕ್ಕಳು, ಒಬ್ಬರೂ ಒಪ್ಪಿಗೆಗಾಗಿ ತಿರುಗಿ ನನ್ನ ಮುಖ ನೋಡದ ಆ ನಡಿಗೆ.

ಆದೇಶ ಹೊರಡಿಸಿದ ಮಹನೀಯರೇ, ನಿಮ್ಮ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದ ದಿನ, ಪಕ್ಕದ ಮನೆಯ ಮಗು ಅನುಮತಿ ಪತ್ರ ಸಿಗುವವರೆಗೆ ಹೊಸ್ತಿಲಾಚೆಯೇ ನಿಂತಿರಲೆಂದು ನೀವು ಬಯಸುತ್ತೀರಾ?