ಮೇಷ್ಟ್ರ ಲ್ಯಾಪ್‌ಟಾಪ್ ಮನೆಯಲ್ಲಿ ಮಾತ್ರ ಯಾಕೆ ಕುಂಟುತ್ತದೆ?

ರಿಪೇರಿ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಆ ಬೀದಿಯಲ್ಲಿ ಯಾರಿಗೂ ಅದು ಬೇಕಾಗಿಲ್ಲ. ಬಸ್ ನಿಲ್ದಾಣದ ಹಿಂದೆ, ಝೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಒತ್ತರಿಸಿಕೊಂಡಿದೆ ಅವಳ ಮಳಿಗೆ. ಹಳೆಯ ಲ್ಯಾಪ್‌ಟಾಪ್‌ಗಳನ್ನು ಕೊಂಡು, ಬಿಚ್ಚಿ, ಧೂಳು ತೆಗೆದು, ಸರಿಮಾಡಿ ಮಾರುತ್ತಾಳೆ. ಬಾಯಿ ಸ್ವಲ್ಪ ಜೋರು. ಆದರೆ ಕೆಟ್ಟದ್ದನ್ನು ಒಳ್ಳೆಯದೆಂದು ಮಾರಿದವಳಲ್ಲ.

ಅಂಥವಳ ಮಳಿಗೆಗೆ ಒಂದು ಬೆಳಿಗ್ಗೆ ಗಣಿತದ ಮೇಷ್ಟ್ರು ಅವಳಲ್ಲಿ ಕೊಂಡ ಲ್ಯಾಪ್‌ಟಾಪ್ ಹಿಡಿದು ಬಂದು, ಗಿರಾಕಿಗಳ ಎದುರಿಗೇ, "ಶಿಷ್ಯೆ ಅಂತ ನಂಬಿ ತಗೊಂಡೆ. ನನಗೇ ಟೋಪಿ ಹಾಕಿದೆಯಲ್ಲಮ್ಮ!" ಎಂದುಬಿಟ್ಟರು. ಬೇರೆ ಯಾರಾದರೂ ಅಂದಿದ್ದರೆ ಅಕ್ಕ ತಿರುಗಿ ನಾಲ್ಕು ಅಂದಿರುತ್ತಿದ್ದಳು. ಇವರೋ, ಲೆಕ್ಕ ಅವಳಿಗೆ ಕಬ್ಬಿಣದ ಕಡಲೆಯಾಗಿದ್ದಾಗ ವರ್ಷವಿಡೀ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟವರು. ಅವರ ಬಾಯಲ್ಲಿ ಆ ಮಾತು ಕೇಳಿ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು.

ಪ್ರೊಸೆಸರ್ ವೇಗ ಎರಡು ಪಾಯಿಂಟ್ ಆರು ಗಿಗಾಹರ್ಟ್ಸ್ ಎಂದು ಅವಳು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಮನೆಯಲ್ಲಿ ಪರದೆ ತೋರಿಸುವುದು ಬರೀ ಪಾಯಿಂಟ್ ಎಂಟು, ಒಂದು ಪುಟ ತೆರೆಯುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತದೆ, ಎಂದು ಮೇಷ್ಟ್ರ ದೂರು. ಅಕ್ಕ ಅಲ್ಲೇ ಹಚ್ಚಿ ನೋಡಿದಳು. ಎರಡು ಪಾಯಿಂಟ್ ಆರು!

"ಮೇಷ್ಟ್ರನ್ನ ನಮ್ಮ ಅಂಗಡಿಗೆ ಕಳಿಸಕ್ಕಾ, ಕಣ್ಣು ನೋಡೋಣ," ಎಂದ ಕನ್ನಡಕದವನು. ಎಲ್ಲರೂ ನಕ್ಕರು. ಮೇಷ್ಟ್ರ ಮುಖ ಚಿಕ್ಕದಾಯಿತು.

ಗೆದ್ದೆನೆಂದು ಅವಳು ಸುಮ್ಮನಿರಬಹುದಿತ್ತು. ಇರಲಿಲ್ಲ, ಅದೇ ಅವಳ ದೊಡ್ಡತನ. "ನಗಬೇಡಿ. ಮೇಷ್ಟ್ರು ಪಾಯಿಂಟ್ ಎಂಟು ನೋಡಿದೀನಿ ಅಂದ್ರೆ ನೋಡಿದಾರೆ ಅಂತಲೇ," ಎಂದವಳು ಷಟರ್ ಎಳೆದು ಅವರ ಹಿಂದೆಯೇ ಮನೆಗೆ ಹೊರಟಳು.

ಮನೆಯಲ್ಲಿ ಮೇಷ್ಟ್ರು ಚಾರ್ಜರ್ ಸಿಕ್ಕಿಸುವ ಮೊದಲು ಲ್ಯಾಪ್‌ಟಾಪನ್ನು ಮಗುಚಿ, ಬ್ಯಾಟರಿ ಕಳಚಿ, ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

"ಅದ್ಯಾಕೆ ತೆಗೆದ್ರಿ ಸರ್?"

"ಕರೆಂಟ್ ಇರೋವಾಗ ಬ್ಯಾಟರಿ ಯಾಕೆ ಸವೆಸೋದು? ಹೊರಗೆ ತಗೊಂಡು ಹೋಗೋವಾಗ ಮಾತ್ರ ಹಾಕ್ತೀನಿ."

ಹೊಸ ಕೊಡೆ ನೆನೆಯುತ್ತದೆಂದು ಅದನ್ನು ಕಂಕುಳಲ್ಲಿಟ್ಟುಕೊಂಡು ತಾವು ನೆನೆಯುವ ಜಾತಿ ಇದು! ಪರದೆಯ ಮೇಲೆ ಪಾಯಿಂಟ್ ಎಂಟು ಬಂತು. ಅಕ್ಕ ಯಂತ್ರ ಆರಿಸಿ, ಬ್ಯಾಟರಿ ಕೂರಿಸಿ, ಮತ್ತೆ ಹಚ್ಚಿದಳು. ವೇಗ ಎರಡು ಪಾಯಿಂಟ್ ಆರಕ್ಕೆ ಏರಿತು.

"ಮನೇಲಿ ಎರಡು ಕೊಡ ನೀರಿದ್ರೆ ಧಾರಾಳವಾಗಿ ಬಳಸ್ತೀವಿ. ಒಂದೇ ಇದ್ರೆ ಕೈ ಹಿಡೀತೀವಿ ತಾನೆ ಸರ್? ಜೋರಾಗಿ ಓಡುವಾಗ ಚಾರ್ಜರ್ ಒಂದೇ ಸಾಲದೇ ಹೋದ್ರೆ ಅಂತ ಇದೂ ನಿಧಾನ ಮಾಡ್ಕೊಳ್ಳುತ್ತೆ. ಬ್ಯಾಟರಿ ಒಳಗೇ ಇರಲಿ."

ಮೇಷ್ಟ್ರು ತಲೆ ತಗ್ಗಿಸಿದರು. "ಅಂಗಡೀಲಿ ಕೇಳಿದ್ರೆ ಏನಂತೀಯ?"

"ಏನೋ ಸೆಟ್ಟಿಂಗ್ ಹೋಗಿತ್ತು, ಸರಿ ಮಾಡಿದೆ ಅಂತೀನಿ ಬಿಡಿ."

ಅವರು ಬಿಡಲಿಲ್ಲ. ಮರುದಿನ ಗಿರಾಕಿಗಳು ಸೇರುವ ಹೊತ್ತು ನೋಡಿಕೊಂಡೇ ಬಂದು ಬಾಗಿಲಲ್ಲಿ ನಿಂತರು. ಪಾಠದ ದನಿಯಲ್ಲಿ ಬ್ಯಾಟರಿಯ ಕಥೆ ಪೂರ್ತಿ ಹೇಳಿದರು. ಕನ್ನಡಕದವನೂ ಹೊರಬಂದು ಕೇಳಿದ.

"ನಾಲ್ಕು ಜನರ ಮುಂದೆ ಅಂದ ಮಾತನ್ನ ಮನೆಯೊಳಗೆ ವಾಪಸ್ ತಗೊಳ್ಳೋಕಾಗಲ್ಲ," ಎಂದರು ಕೊನೆಗೆ. "ಈ ಹುಡುಗಿ ನನ್ನ ಮಾತು ನಂಬಿ ಮನೇವರೆಗೂ ಬಂದಳು. ನಾನು ಅವಳ ಮಾತನ್ನ ನಂಬಲಿಲ್ಲ."

ಅಕ್ಕನ ಕಣ್ಣು ತುಂಬಿತು. ಸ್ಕ್ರೂಡ್ರೈವರ್ ಕೆಳಗಿಟ್ಟು, ಮಳಿಗೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವರತ್ತ ಎಳೆದು, "ಕೂತ್ಕೊಳ್ಳಿ ಸರ್," ಎಂದಳು.